ಒತ್ತಕ್ಷರ ಎಕ್ಸ್‌ಪ್ರೆಸ್

ಮಾದರಿ ರೈಲಿನ ಹುಚ್ಚು ಹಿಡಿದವರ ಮನೆಯಲ್ಲಿ ಮೊದಲು ಕಾಣೆಯಾಗುವುದು ಊಟದ ಮೇಜು, ಆಮೇಲೆ ದುಡ್ಡು. ನಮ್ಮಲ್ಲಿ ಎರಡೂ ಹೋಗಿ ಆಗಿದ್ದರಿಂದ, ಬೋಗಿಗಳ ಮೇಲೆ ಅಂಟಿಸುವ ಹೆಸರು, ನಂಬರು, ಲಾಂಛನಗಳನ್ನಾದರೂ ಪುಕ್ಕಟೆಯಾಗಿ ಮಾಡಿಕೊಳ್ಳೋಣ ಎಂದು ಕಂಪ್ಯೂಟರಿನ ಮುಂದೆ ಕೂತೆ. ಪೆನ್ಸಿಲ್ವೇನಿಯಾ, ಸಾಂತಾ ಫೆ ಎಂದು ಅಮೆರಿಕದ ರೈಲು ಕಂಪನಿಗಳ ಹೆಸರು ಬರೆದ, ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆಗಳನ್ನು ಹಣ ಕೊಟ್ಟು ತರಿಸಬಹುದು. ಅರಸೀಕೆರೆ ಅಂದರೆ ಅಂಗಡಿಯವರು ಮುಖ ನೋಡುತ್ತಾರೆ.

ನನ್ನದು ಎಚ್‌ಒ ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು. 21.3 ಮೀಟರಿನ ನೀಲಿ ಐಸಿಎಫ್ ಬೋಗಿ ಇಲ್ಲಿ ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್. ಪುಟ್ಟದೆಂದು ಮೋಸಹೋಗಬೇಡಿ. ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಇದೇ ಲೆಕ್ಕದಲ್ಲಿ ಕಟ್ಟಲು ಹೊರಟರೆ 17 ಮೀಟರ್ ದಾಟುತ್ತದೆ. ನಮ್ಮದು ಮೂವತ್ತು-ನಲವತ್ತರ ಸೈಟು. ಕೊನೆಯ ಐದು ಮೀಟರ್ ಹಿಂದಿನ ಮನೆಯವರ ಅಡುಗೆಮನೆಯಲ್ಲಿ ಮುಗಿಯಬೇಕು. ಅವರ ಜೊತೆ ನಮಗೆ ಈಗಾಗಲೇ ತೆಂಗಿನಮರದ ತಕರಾರಿದೆ.

ಸಾಫ್ಟ್‌ವೇರಿನಲ್ಲಿರುವ ಅಕ್ಕನ ಮಗನನ್ನು ಕೇಳಿದೆ. "ಮಾಮ, ಇಲಸ್ಟ್ರೇಟರ್ ತಗೊಳ್ಳಿ, ತಿಂಗಳಿಗಿಷ್ಟು ಅಂತ ಕಟ್ಟಿದ್ರಾಯ್ತು" ಅಂದ. ಬೆಂಗಳೂರಿನಲ್ಲಿ ಮನೆಗೆ ಬಾಡಿಗೆ ಕೊಟ್ಟು ಗೊತ್ತು, ಪೆನ್ಸಿಲ್ಲಿಗೂ ಬಾಡಿಗೆಯೇ? ಹತ್ತು ತಿಂಗಳ ಅಡ್ವಾನ್ಸ್ ಕೇಳಲಿಲ್ಲವಲ್ಲ ಎನ್ನುವುದೊಂದೇ ಸಮಾಧಾನ.

ಪೇಂಟ್, ಗಿಂಪ್ ಎರಡೂ ಪುಕ್ಕಟೆ. ಆದರೆ ಅವು ಚಿತ್ರವನ್ನು ಚುಕ್ಕಿಚುಕ್ಕಿಯಾಗಿ ಇಡುತ್ತವೆ. ಹಿಗ್ಗಿಸಿ ಕುಗ್ಗಿಸಿದರೆ ಅಕ್ಷರದ ಅಂಚು ಹಲ್ಲುಹಲ್ಲಾಗುತ್ತದೆ. ನಮಗೆ ಬೇಕಾದದ್ದು ರೇಖೆಯ ಲೆಕ್ಕವನ್ನೇ ನೆನಪಿಟ್ಟುಕೊಳ್ಳುವ ವೆಕ್ಟರ್. ಆ ಊರಿಗೆ ನಮ್ಮ ಕಡೆ ಒಂದೇ ದಾರಿ ಪ್ರಸಿದ್ಧ: ಫ್ಲೆಕ್ಸ್ ಅಂಗಡಿಯ ಕೋರೆಲ್‌ಡ್ರಾ. ಬೀದಿಯ ಹುಟ್ಟುಹಬ್ಬದ ನಾಯಕರೆಲ್ಲ ಅದರಲ್ಲೇ ಬೆಳ್ಳಗಾದವರು. ಅಂಗಡಿಯ ಹುಡುಗ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಸ್ಕ್ವೇರ್ ಫೀಟ್ ಸಾರ್?" ಒಂದು ಮಿಲಿಮೀಟರ್ ಎತ್ತರದ ಅಕ್ಷರ ಎಂದೆ. ಅವನು ಪಾನ್‌ಪರಾಗನ್ನು ದವಡೆ ಬದಲಿಸಿ, "ಇರುವೆಗೆ ವಿಸಿಟಿಂಗ್ ಕಾರ್ಡಾ?" ಅಂದ. ಅಷ್ಟಕ್ಕೇ ಮುಗಿಯಲಿಲ್ಲ. ಅವನ ಹಳೆಯ ಕೋರೆಲ್ಲಿಗೆ ಗೊತ್ತಿದ್ದದ್ದು ಹಳೆಯ ನುಡಿ ಫಾಂಟು. ನನ್ನ ಯೂನಿಕೋಡ್ ಕನ್ನಡ ಅಲ್ಲಿ ತೆರೆದಾಗ ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ ಹಳಿ ತಪ್ಪಿ ಬಿದ್ದಿದ್ದವು. "ಕರ್ವ್ ಮಾಡ್ಕೊಂಡ್ ಬನ್ನಿ ಸಾರ್" ಎಂದು ಕಳಿಸಿದ. ಅಕ್ಷರವನ್ನು ಬರಿಯ ಆಕಾರವಾಗಿಸಿ ತಂದರೆ ಫಾಂಟಿನ ಹಂಗು ಇರುವುದಿಲ್ಲ. ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸಲಹೆ ಅದು, ಅದಕ್ಕೆ ಅವನು ಸ್ಕ್ವೇರ್ ಫೀಟ್ ಲೆಕ್ಕ ಹಾಕಲಿಲ್ಲ.

ಕರ್ವ್ ಮಾಡಿಕೊಟ್ಟದ್ದು ಇಂಕ್‌ಸ್ಕೇಪ್. 2003ರಿಂದ ಇದೆ, ಕಾಸು ಕೇಳುವುದಿಲ್ಲ. ಯೂನಿಕೋಡ್ ಕನ್ನಡಕ್ಕೆ ಅದು ಮುಖ ತಿರುಗಿಸುವುದಿಲ್ಲ. ಎತ್ತರದ ಚೌಕದಲ್ಲಿ 100/87 ಎಂದು ಬರೆದರೆ ತಾನೇ ಭಾಗಾಕಾರ ಮಾಡಿ 1.149 ಮಿಲಿಮೀಟರ್ ಎನ್ನುತ್ತದೆ. ಗಣಿತದಲ್ಲಿ ನನಗಿಂತ ಮುಂದು. ಬೋಗಿಯ ಬೋರ್ಡಿನ ಹತ್ತು ಸೆಂಟಿಮೀಟರ್ ಅಕ್ಷರ ಇಲ್ಲಿ ಇಷ್ಟೇ. 600 ಡಿಪಿಐ ಪ್ರಿಂಟರಿನಲ್ಲಿ ಆ ಎತ್ತರಕ್ಕೆ ಬರುವುದು ಸುಮಾರು 27 ಚುಕ್ಕಿ. ಇಂಗ್ಲಿಷಿನವರು ಅಷ್ಟರಲ್ಲಿ ಆರಾಮಾಗಿ ಕಾಲು ಚಾಚುತ್ತಾರೆ. ನಮ್ಮ 'ಹುಬ್ಬಳ್ಳಿ'ಗೋ ಎರಡು ಒತ್ತು, ಒಂದು ಕೊಂಬು, ಒಂದು ಗುಡಿಸು. ಎಲ್ಲರೂ ಜನರಲ್ ಬೋಗಿಯಲ್ಲಿ ನಿಂತ ಹಾಗೆ. ತೆಳ್ಳನೆಯ ಫಾಂಟು ಆರಿಸಿದರೆ ಒತ್ತುಗಳು ಬದುಕುತ್ತವೆ, ದಪ್ಪನೆಯದಾದರೆ ಕಪ್ಪು ಮಸಿಯ ಬೊಟ್ಟು.

ಲಾಂಛನಕ್ಕೆ ಭೋಲು ಬೇಕೆನಿಸಿತು. ಹಸಿರು ದೀಪ ಹಿಡಿದ ಆ ಗಾರ್ಡ್ ಆನೆ, ರೈಲ್ವೆಯ 150ನೇ ವರ್ಷಾಚರಣೆಗೆ ಎನ್‌ಐಡಿಯವರು ರೂಪಿಸಿದ್ದು, 2002ರ ಏಪ್ರಿಲ್ 16ರಂದು ಬೆಂಗಳೂರಿನಲ್ಲೇ ಅನಾವರಣವಾದದ್ದು. ನಮ್ಮೂರ ಆನೆಯೇ ಅನ್ನಿ. ಇಂಕ್‌ಸ್ಕೇಪಿನಲ್ಲಿ 'ಟ್ರೇಸ್ ಬಿಟ್‌ಮ್ಯಾಪ್' ಒತ್ತಿದರೆ ಫೋಟೊದಿಂದ ರೇಖೆ ತೆಗೆದುಕೊಡುತ್ತದೆ, ಆದರೆ ಸೊಂಡಿಲಿಗೆ ನೂರಾರು ಗಂಟು ಹಾಕಿ ಕೊಡುತ್ತದೆ. ಒಂದೊಂದೇ ಬಿಚ್ಚುತ್ತಾ ಕೂತಿದ್ದಾಗ ಮನೆಯವಳು ಹಿಂದೆ ಬಂದು ನಿಂತು, "ರೀ, ಹೇನು ತೆಗೀತಿದ್ದೀರಾ?" ಎಂದು ಕೇಳಿದಳು.

ಇಷ್ಟಾದ ಮೇಲೆ, ಯಾವ ತಂತ್ರಾಂಶಕ್ಕೂ ಆಗದ ಕೆಲಸವೊಂದಿದೆ: ಬಿಳಿ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇಲ್ಲ, ಅದು ಕಾಗದವನ್ನು ನಂಬಿ ಬದುಕುವ ಯಂತ್ರ. ನೀಲಿ ಬೋಗಿಗೆ ಬಿಳಿ ಅಕ್ಷರ ಬೇಕಾದರೆ ಬಿಳಿ ಡೆಕಾಲ್ ಹಾಳೆಯ ಮೇಲೆ ಅಕ್ಷರದ ಸುತ್ತ ನೀಲಿ ಮುದ್ರಿಸಬೇಕು. ಆ ನೀಲಿ ಬೋಗಿಯ ನೀಲಿಗೆ ಹೊಂದಬೇಕು. ಪರದೆಯ ಮೇಲೆ ಹೊಂದಿದ್ದು ಹಾಳೆಯ ಮೇಲೆ ಹೊಂದಿದರೆ ನಿಮ್ಮ ಪುಣ್ಯ.

ಆದ್ದರಿಂದ ಹೊಸಬರಿಗೆ ನನ್ನ ತೀರ್ಪು: ಇಂಕ್‌ಸ್ಕೇಪ್ ಸಾಕು, ಉಳಿಸಿದ ಹಣಕ್ಕೆ ಡೆಕಾಲ್ ಹಾಳೆ ಒಂದೆರಡು ಹೆಚ್ಚಿಗೆ ತನ್ನಿ. ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ಗುರುತನ್ನು ಮರೆಯದೆ ತೆಗೆಯಿರಿ, ಮೊದಲು ಮಾಮೂಲಿ ಹಾಳೆಯಲ್ಲಿ ಮುದ್ರಿಸಿ ಸ್ಕೇಲಿನಿಂದ ಅಳೆಯಿರಿ. ಇಂಕ್‌ಜೆಟ್ ಆದರೆ ನೀರಿಗೆ ಹಾಕುವ ಮುಂಚೆ ವಾರ್ನಿಷ್ ಹೊಡೆದು ಒಣಗಿಸಿ. ಇಲ್ಲದಿದ್ದರೆ ಹುಬ್ಬಳ್ಳಿ ಬಟ್ಟಲಿನಲ್ಲೇ ಕರಗುತ್ತದೆ.