ಟೆಂಪ್ಲೇಟ್ ಸಾವ್ಕಾರ

ಯಾದಗಿರಿ, ಶಹಾಪುರ, ಸುರಪುರ ಯಾವ ಊರಿನ ಬಜಾರಿಗೆ ಹೋದರೂ ಟೆಂಪ್ಲೇಟ್ ಸಾವ್ಕಾರ ಸಿಗುತ್ತಾನೆ. ಬೆಂಗಳೂರಲ್ಲಿ ಸ್ವಲ್ಪ ದಿನ ಕೆಲಸ ಮಾಡಿ ಬಂದವನು. ಅಂಗಡಿ ಅಂಗಡಿಗೆ ಹೋಗಿ ವೆಬ್‌ಸೈಟ್ ಮಾಡಿಕೊಡುತ್ತಾನೆ. "ಕಾಪಿ ಹೊಡಿಯೋ ಮಂದಿ ಬ್ಯಾರೆ ಇದ್ದಾರ್ರಿ ಕಾಕಾ. ನಾ ಜನರೇಟ್ ಮಾಡ್ತೀನಿ" ಅನ್ನುವುದು ಅವನ ಬಿರುದಾವಳಿ.

ಅವನ ಬಂಡವಾಳ ರೂಬಿ ಆನ್ ರೈಲ್ಸ್ ಎಂಬ, ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್. 2004ರಲ್ಲಿ ಡೆನ್ಮಾರ್ಕಿನ ಡೇವಿಡ್ ಹೈನಮಾಯರ್ ಹ್ಯಾನ್ಸನ್ ಹೊರತಂದದ್ದು. ಅದರಲ್ಲಿ ಸ್ಕ್ಯಾಫೋಲ್ಡ್ ಎಂಬ ಕಮಾಂಡ್ ಇದೆ. ಹೆಸರು, ತೂಕ, ದರ ಎಂದು ಖಾನೆಗಳನ್ನು ಹೇಳಿದರೆ ಸಾಕು. ಮಾಡೆಲ್, ಕಂಟ್ರೋಲರ್, ಪಟ್ಟಿ ತೋರಿಸುವ ಪುಟ, ತಿದ್ದುವ ಪುಟ, ಕಡೆಗೆ ಟೆಸ್ಟ್ ಫೈಲು ಕೂಡ ಹಸಿರು ಸಾಲುಗಳಾಗಿ ಸರಸರ ಇಳಿಯುತ್ತವೆ. ಆ ಹಸಿರು ನೋಡಿಯೇ ಅಂಗಡಿಯವರು ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಟೆಸ್ಟ್ ಫೈಲನ್ನು ಅವನು ತೆರೆದದ್ದು ಕಂಡವರಿಲ್ಲ.

ಈ ರೈಲ್ಸಿಗೊಂದು ಚಟ. ಟೇಬಲ್ಲಿನ ಹೆಸರನ್ನು ತಾನಾಗಿಯೇ ಇಂಗ್ಲಿಷ್ ಬಹುವಚನ ಮಾಡುತ್ತದೆ. ಶಹಾಪುರದ ಹತ್ತಿ ವ್ಯಾಪಾರಿಯ ಸೈಟಿಗೆ ಸಾವ್ಕಾರ 'ಹತ್ತಿ' ಎಂದು ಕೊಟ್ಟ, ಅದು ಎಸ್ ಹಚ್ಚಿತು. ವ್ಯಾಪಾರಿ ಕನ್ನಡಕ ಏರಿಸಿ ಓದಿದರು.

"ಏನೋ ತಮ್ಮಾ, ಮಾಲಿನ್ನಾ ತೂಕಾನೇ ಆಗಿಲ್ಲ. ಈಗ್ಲೇ ಹತ್ತಿಸ್ ಅಂತದಲ್ಲೋ ನಿನ್ನ ಕಂಪ್ಯೂಟರ್?"

"ಅದು ಇಂಟರ್‌ನ್ಯಾಷನಲ್ ಪದ್ಧತಿ ಅದರಿ ಕಾಕಾ."

ಈ ಹೆಸರಿಗೆ ಬಹುವಚನ ಬೇಡ ಎಂದು ಒಂದು ಸಾಲು ಬರೆಯಲು ರೈಲ್ಸಿನಲ್ಲಿ ಬೇರೆ ಫೈಲೇ ಇದೆ. ಅಲ್ಲಿತನಕ ಹೋಗುವುದು ಸಾವ್ಕಾರನ ಅಂತಸ್ತಿಗೆ ಕಡಿಮೆ.

ಪುಟಗಳಿಗೆ ಅವನದೇ ಸ್ವಂತ ಟೆಂಪ್ಲೇಟೂ ಉಂಟು. ತಹಶೀಲ್ ಕಚೇರಿ ಮುಂದಿನ ಬಾಂಡ್ ರೈಟರ್ ಹಳೇ ನಮೂನೆಯಲ್ಲಿ ಬಿಟ್ಟ ಜಾಗ ಮಾತ್ರ ತುಂಬುವಂತೆ, ಇವನೂ ಯಾವುದೋ ಹಿರಿಯನಿಂದ ಬಂದದ್ದನ್ನು ಹಾಗೇ ನಡೆಸಿಕೊಂಡು ಬಂದಿದ್ದಾನೆ. ಅದರ ಅಡಿಯಲ್ಲಿ 'ಜಿ. ಗುಲಬರ್ಗಾ' ಎಂದಿದೆ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. 2014ರಲ್ಲಿ ಗುಲಬರ್ಗಾ ತಾನೇ ಕಲಬುರಗಿಯಾಯಿತು. ಈ ತಪ್ಪನ್ನು ಯಾರಾದರೂ ತೋರಿಸಿಕೊಟ್ಟರೂ ಸಾವ್ಕಾರ ಟೆಂಪ್ಲೇಟಿಗೆ ಕೈ ಹಚ್ಚುವುದಿಲ್ಲ. ಹುಟ್ಟಿಬಂದ ಪುಟಗಳನ್ನೇ ಒಂದೊಂದಾಗಿ ತೆರೆದು, ರಾತ್ರಿಯೆಲ್ಲ ಕೂತು 'ಯಾದಗಿರಿ' ಮಾಡುತ್ತಾನೆ. ಆ ಶ್ರದ್ಧೆಗೆ ನಾನು ತಲೆಬಾಗುತ್ತೇನೆ.

ವಾರ ಬಿಟ್ಟು ಅಂಗಡಿಯವರು, ಜಿಎಸ್‌ಟಿ ನಂಬರಿಗೆ ಒಂದು ಖಾನೆ ಬೇಕು ಎನ್ನುತ್ತಾರೆ. ಅವನು ಪುಟಗಳನ್ನು ಮತ್ತೆ ಜನರೇಟ್ ಮಾಡುತ್ತಾನೆ. ಯಂತ್ರಕ್ಕೆ ಮರ್ಯಾದೆ ಇದೆ. ಇದ್ದ ಫೈಲಿನ ಮೇಲೆ ಬರೆಯಲೇ ಎಂದು ಪ್ರತಿ ಸಲ ಕೇಳುತ್ತದೆ. 'ಎ' ಒತ್ತಿದರೆ ಎಲ್ಲದಕ್ಕೂ ಹೂಂ ಎಂದಂತೆ. ಅವನು 'ಎ' ಒತ್ತುತ್ತಾನೆ. ಸರ್ಕಾರ ಎರಡು ಸಲ ಹೊರಡಿಸಿದ ಆದೇಶ ಒಂದೇ ಅಕ್ಷರಕ್ಕೆ ರದ್ದು. ಯಾದಗಿರಿ ಮತ್ತೆ ಗುಲಬರ್ಗಾ ಪಾಲು.

ಸುರಪುರದ ಬಟ್ಟೆ ಅಂಗಡಿಯ ಸೈಟಿನಲ್ಲಿ, ಅದೇ ಟೆಂಪ್ಲೇಟಿನಿಂದ ಬಂದ ಶಹಾಪುರದ ಮಲಗಿದ ಬುದ್ಧನ ಗುಡ್ಡದ ಫೋಟೋ ಕಾಣಿಸಿಕೊಂಡಾಗ ಮಾಲೀಕರು ಕೆರಳಿದರು. "ನಮ್ಮೂರಾಗ ಟೇಲರ್ ಮಂಜಿಲ್ ಅದ, ಅರಮನಿ ಅದ. ಒಂದು ಫೋಟೋ ಸಿಗಲಿಲ್ಲೇನು ನಿನಗ?" ಸಾವ್ಕಾರನಿಗೆ ನಾಟಿತು. ಜೀವಮಾನದಲ್ಲಿ ಮೊದಲ ಸಲ ಟೆಂಪ್ಲೇಟನ್ನೇ ತೆರೆದು ತಿದ್ದಿದ. ಈಗ ಶಹಾಪುರದ ಹತ್ತಿಯ ಮೇಲೂ ಟೇಲರ್ ಮಂಜಿಲ್ ನಿಂತಿದೆ.

ಜನರೇಟರ್ ನಿರಪರಾಧಿ. ಕೊಟ್ಟದ್ದನ್ನು ಅದು ಚಾಚೂ ತಪ್ಪದೆ ಹಡೆಯುತ್ತದೆ, ತಪ್ಪನ್ನೂ ಸೇರಿಸಿ. ಸಾವ್ಕಾರನೂ ಕೆಟ್ಟವನಲ್ಲ; ಫೋನ್ ಮಾಡಿದರೆ ಊಟ ಬಿಟ್ಟು ಬೈಕ್ ಹತ್ತಿ ಬರುವವನು, ಅಂಥವರನ್ನು ಬೆಂಗಳೂರಿಂದ ಕರೆಸಲಾಗದು. ಆದ್ದರಿಂದ ಅವನಿಗೆ ಚಾ ಕುಡಿಸಿ, ಸೈಟನ್ನೂ ಅವನಿಂದಲೇ ಮಾಡಿಸಿ. ಕೊನೇ ಕಂತಿನ ರೊಕ್ಕ ಎಣಿಸುವ ಮುಂಚೆ ಮಾತ್ರ ನೀವು ಯಾವ ಜಿಲ್ಲೆಯಲ್ಲಿದ್ದೀರಿ ಎಂದು ಒಮ್ಮೆ ಓದಿ ನೋಡಿಕೊಳ್ಳಿ.