ಗಡ್ಡದೊಳಗಿನ ಸಿಮ್ಲಾ

ಪುಣೆಯಲ್ಲಿ ಗಡ್ಡ ಬಿಡುವುದಕ್ಕೆ ಧೈರ್ಯ ಬೇಕಾಗಿಲ್ಲ, ಪಂಚಾಂಗ ಇದ್ದರೆ ಸಾಕು. ಶ್ರಾವಣ ಬಂತೆಂದರೆ ಇಲ್ಲಿ ಎಷ್ಟೋ ಗಂಡಸರು ಕ್ಷೌರ ಬಿಡುತ್ತಾರೆ; ಆಫೀಸಿನಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ. ಅದು ಮುಗಿಯಿತು ಅನ್ನುವಷ್ಟರಲ್ಲಿ ಗಣಪತಿ. ಗಣಪತಿ ನೀರಿಗೆ ಹೋದ ಬೆನ್ನಿಗೇ ಪಿತೃಪಕ್ಷ. ಹಿರಿಯರು ಮೇಲಿನಿಂದ ನೋಡುತ್ತಿರುವಾಗ ಗಲ್ಲಕ್ಕೆ ಬ್ಲೇಡು ಮುಟ್ಟಿಸುವಂತಿಲ್ಲ. ಅದು ದಾಟಿದರೆ ನವರಾತ್ರಿ. ಘಟ ಕೂತ ಮನೆಯಲ್ಲಿ ಮತ್ತೆ ಕ್ಷೌರ ವರ್ಜ್ಯ. ಧಾರವಾಡದಿಂದ ಬಂದು ಕೋಥರೂಡಿನಲ್ಲಿ ಬಿಡಾರ ಹೂಡಿದ ನನ್ನಂಥ ಬ್ಯಾಂಕ್ ನೌಕರನಿಗೆ ಇಷ್ಟೊಂದು ಧಾರ್ಮಿಕ ರಿಯಾಯಿತಿ ಬೇರೆಲ್ಲಿ ಸಿಗಬೇಕು?

ಹಾಗಂತ ನಾನೇನು ದೊಡ್ಡ ಭಕ್ತನಲ್ಲ. ಮುಂಜಾನೆ ಎದ್ದು ಕನ್ನಡಿಯ ಮುಂದೆ ಗಲ್ಲ ಉಬ್ಬಿಸಿಕೊಂಡು ನಿಲ್ಲುವುದಕ್ಕಿಂತ ಭಕ್ತಿಯೇ ಹಗುರ ಅನ್ನಿಸಿತು, ಅಷ್ಟೆ. ಮೇಲಾಗಿ ಈಚೆಗೆ ನನ್ನ ಗದ್ದ ಒಂದಿದ್ದದ್ದು ಎರಡಾಗಿತ್ತು. ಗಡ್ಡ ಬಂದು ಅವೆರಡನ್ನೂ ರಾಜಿ ಮಾಡಿಸಿ ಒಂದು ಮಾಡಿತು. ನಮ್ಮಾಕಿಯೂ ಬೇಡ ಅನ್ನಲಿಲ್ಲ. "ಇರಲಿ ಬಿಡ್ರಿ, ಅರ್ಧಾನರೆ ಮುಚ್ಚತೈತಿ" ಅಂದಳು. ಏನು ಮುಚ್ಚುತ್ತದೆ ಅಂತ ನಾನು ವಿಚಾರಿಸಲು ಹೋಗಲಿಲ್ಲ.

ಗ್ರಹಚಾರ ಶುರುವಾದದ್ದು ನರಕ ಚತುರ್ದಶಿಯ ನಸುಕಿನಲ್ಲಿ. ಅಂದು ಪುಣೇಕರರು ಎಣ್ಣೆ ತಿಕ್ಕಿಕೊಂಡ ಮೈಗೆ ಉಟಣೆ ಹಚ್ಚಿ ಮೀಯುತ್ತಾರೆ. ಚಂದನ, ಕಚೋರ, ಭದ್ರಮುಷ್ಟಿ, ಅರಿಶಿನ ಎಲ್ಲ ಕುಟ್ಟಿ ಸೋಸಿದ ಘಮಘಮ ಪುಡಿ ಅದು. ಮೈಗೆ ಒಳ್ಳೆಯದೇ. ಆದರೆ ಅದನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಗಡ್ಡ ಇರಲಿಲ್ಲ ಅಂತ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಒಳಗೆ ಹೋದದ್ದು ಹೊರಗೆ ಬರಲೊಲ್ಲದು. ತೊಳೆದೆ, ತಿಕ್ಕಿದೆ, ಹಣಿಗೆ ಆಡಿಸಿದೆ. ಫರಾಳಕ್ಕೆ ಎದುರು ಮನೆಯ ಕಾಕೂ ಹತ್ತಿರ ಹೋದಾಗ, ನಾನು ಬಾಯಾಡಿಸಿದ ಹಾಗೆಲ್ಲ ಚಿವಡಾದ ಬಟ್ಟಲಿಗೆ ಕಂದು ಪುಡಿ ಸಣ್ಣಗೆ ಉದುರುತ್ತಿತ್ತು. ಕಾಕೂ ಬಟ್ಟಲನ್ನು ಮೂಸಿ ನೋಡಿ, ಈ ಸಲ ಮಸಾಲೆಗೆ ಒಳ್ಳೇ ವಾಸನೆ ಬಂದಿದೆ ಅಂತ ತಮ್ಮನ್ನು ತಾವೇ ಹೊಗಳಿಕೊಂಡರು.

ಉಟಣೆ ಅಂತೂ ಖಾಲಿಯಾಯಿತು. ಉದುರುವುದು ಮಾತ್ರ ನಿಲ್ಲಲಿಲ್ಲ, ಬಣ್ಣ ಬದಲಾಯಿಸಿತು. ಈಗ ಬೀಳುತ್ತಿದ್ದದ್ದು ಬಿಳಿ. ಪುಣೆಯ ಥಂಡಿ ಒಣ ಥಂಡಿ. ಜನವರಿಯ ನಸುಕಿನಲ್ಲಿ ಪಾರಾ ಹತ್ತು ಡಿಗ್ರಿಯ ಕೆಳಗಿಳಿಯುವುದು ಇಲ್ಲಿ ಹೊಸದೇನಲ್ಲ. ಶಿವಾಜಿನಗರದಲ್ಲಿ ಎಷ್ಟು, ಪಾಷಾಣದಲ್ಲಿ ಎಷ್ಟು ಅಂತ ಜನ ಚಹಾದ ಜೊತೆ ಲೆಕ್ಕ ಹಾಕುತ್ತಾರೆ. ನಾನು ಆ ಥಂಡಿಗೆ ಉತ್ತರವಾಗಿ ಹೊಗೆಯಾಡುವ ಬಿಸಿನೀರನ್ನು ಮುಖಕ್ಕೆ ಸುರಿದುಕೊಂಡು, ಮೈಗೆ ಹಚ್ಚುವ ಸೋಪನ್ನೇ ಗಡ್ಡಕ್ಕೂ ತಿಕ್ಕಿ, ಟವೆಲ್ಲಿನಿಂದ ಪಾತ್ರೆ ಬೆಳಗಿದಂತೆ ಉಜ್ಜುತ್ತಿದ್ದೆ. ಆಮೇಲೆ ಚರ್ಮ ಬಿಗಿದು ಚುರುಗುಡುತ್ತಿತ್ತು. ಸ್ವಚ್ಛವಾದ ಲಕ್ಷಣ ಅಂದುಕೊಂಡು ಖುಷಿಪಟ್ಟು, ಬ್ಯಾಂಕಿನ ಕೌಂಟರಿನಲ್ಲಿ ಕೂತು, ಗಿರಾಕಿಗಳ ಪಾಸ್‌ಬುಕ್ಕಿನ ಮೇಲೆ ಕೆರೆದುಕೊಳ್ಳುತ್ತಿದ್ದೆ.

ಮಗ ಇದಕ್ಕೊಂದು ಹೆಸರಿಟ್ಟ. ಅದರ ಹಿನ್ನೆಲೆ ಇಷ್ಟು: 1928ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಪುಣೆಗೆ ಬಂತು. ಮುಖ್ಯ ಕಚೇರಿ ಮುಂದೆ ದಿಲ್ಲಿಗೆ ಹೋದರೂ ಶಿವಾಜಿನಗರದ ಆ ಕಟ್ಟಡಕ್ಕೆ ಜನ ಇವತ್ತಿಗೂ ಸಿಮ್ಲಾ ಆಫೀಸ್ ಅಂತಲೇ ಅನ್ನುತ್ತಾರೆ. ಅಲ್ಲಿನ ಚೌಕಕ್ಕೂ ಅದೇ ಹೆಸರು. ನಾನು ಕಡುನೀಲಿ ಸ್ವೆಟರ್ ಹಾಕಿಕೊಂಡು ಊಟಕ್ಕೆ ಕೂತರೆ ಮಗ ಎದೆಯ ಮೇಲೊಮ್ಮೆ ಕಣ್ಣಾಡಿಸಿ ವರದಿ ಕೊಡುತ್ತಿದ್ದ: "ಅವ್ವಾ, ಸಿಮ್ಲಾ ಆಫೀಸಿನ್ಯಾಗ ಇವತ್ತೂ ಬರ್ಫ ಬಿದ್ದೈತಿ."

ಗಂಡಸಿನ ಗಡ್ಡ ಅವನ ಸ್ವಂತದ್ದು ಅನ್ನುವುದು ತಪ್ಪು ಕಲ್ಪನೆ. ಅದು ಸೊಸೈಟಿಯ ಆಸ್ತಿ. ಲಿಫ್ಟಿನಲ್ಲಿ ಸಿಕ್ಕವರೆಲ್ಲ ಅದರ ಮೇಲೆ ಹಕ್ಕು ಚಲಾಯಿಸತೊಡಗಿದರು. "ಅಹೋ, ಖೋಬರೇಲ್ ತೇಲ್ ಲಾವಾ" ಅಂತ ಒಬ್ಬರು. ಮೊಸರಿಗೆ ಲಿಂಬೆಹಣ್ಣು ಹಿಂಡಿ ಹಚ್ಚಿ ಅಂತ ಇನ್ನೊಬ್ಬರು. ಹಚ್ಚಿದೆ. ಕೆರೆದ ಜಾಗಕ್ಕೆ ಲಿಂಬೆಹುಳಿ ತಾಗಿದಾಗ ಮನುಷ್ಯ ಯಾವ ಭಾಷೆಯಲ್ಲಿ ಕಿರುಚುತ್ತಾನೆ ಅನ್ನುವುದು ಅಂದು ಮೂರನೇ ಮಹಡಿಯವರೆಗೂ ಗೊತ್ತಾಯಿತು. ಕಾಕೂ ಪುಣೆಯಲ್ಲೇ ತಯಾರಾಗುವ ಕೈಲಾಸ ಜೀವನ ಮುಲಾಮಿನ ಡಬ್ಬಿ ತಂದುಕೊಟ್ಟರು. ಮರಾಠಿ ಮನೆಗಳಲ್ಲಿ ಹಿಮ್ಮಡಿ ಒಡೆದರೂ ಅದೇ, ಕೈ ಸುಟ್ಟುಕೊಂಡರೂ ಅದೇ. ಆದರೆ ಡಬ್ಬಿ ನನ್ನ ಗಡ್ಡದ ತನಕ ಬರಲೇ ಇಲ್ಲ. ನಮ್ಮಾಕಿ ಬಾಗಿಲಲ್ಲೇ ಇಸಿದುಕೊಂಡಳು: "ನಿಮ್ಮ ಗಡ್ಡಕ್ಕಿಂತ ಮೊದಲ ನನ್ನ ಹಿಮ್ಮಡಿ ಪಾಳ್ಯಾಗ ನಿಂತಾವ."

ಧಾರವಾಡದಿಂದ ಅವ್ವನ ಅಪ್ಪಣೆ ಫೋನಿನಲ್ಲಿ ಬಂತು: ಔಡಲೆಣ್ಣಿ. ನಮ್ಮ ಕಡೆ ಅದು ನೆತ್ತಿಗೆ ತಂಪು, ಹೊಟ್ಟೆಗೆ ಜುಲಾಬು. ಇನ್ನು ಗಡ್ಡ ಯಾವ ಲೆಕ್ಕ? ಆ ಎಣ್ಣೆಯ ಸ್ವಭಾವ ಬಲ್ಲವರಿಗೆ ಗೊತ್ತು. ಅದು ಹರಿಯುವುದಿಲ್ಲ, ಕೂತುಬಿಡುತ್ತದೆ. ದಿಂಬಿನ ಅರಿವೆ ಹಾಳಾದೀತೆಂದು ನಮ್ಮಾಕಿ ನನ್ನ ತಲೆಯ ಕೆಳಗೆ ಹಳೇ ಪೇಪರು ಹಾಸಿದಳು. ಬೆಳಿಗ್ಗೆ ಪೇಪರು ನನ್ನ ಜೊತೆಗೇ ಎದ್ದು ಕನ್ನಡಿಯ ತನಕ ಬಂತು. ಕಿತ್ತು ನೋಡಿದರೆ ಕಿವಿಯ ಕೆಳಗೆ ಯಾವುದೋ ಟೂ ಬಿಎಚ್‌ಕೆ ಫ್ಲ್ಯಾಟಿನ ಜಾಹೀರಾತು ತಿರುಗುಮುರುಗಾಗಿ ಅಚ್ಚಾಗಿತ್ತು. ಎಣ್ಣೆ ಹಚ್ಚಿದ ರಾತ್ರಿ ಹಾಯೆನಿಸುತ್ತಿತ್ತು. ಎರಡು ದಿನ ಕಳೆದರೆ ಮೊದಲಿಗಿಂತ ಹೆಚ್ಚು ಉದುರುತ್ತಿತ್ತು. ಎಣ್ಣೆ ಸಾಲದೆಂದು ಮತ್ತಷ್ಟು ಸುರಿಯುತ್ತಿದ್ದೆ.

ಅಷ್ಟರಲ್ಲಿ ಸಂಕ್ರಾಂತಿ. ಮಹಾರಾಷ್ಟ್ರದವರು ಉಳಿದ ಹಬ್ಬಗಳಿಗೆ ದೂರ ಇಡುವ ಕಪ್ಪು ಬಟ್ಟೆಯನ್ನು ಈ ಒಂದು ಹಬ್ಬಕ್ಕೆ ಹುಡುಕಿ ಉಡುತ್ತಾರೆ. ನನ್ನ ಶತ್ರುಗಳು ಯೋಚಿಸಿ ಇಟ್ಟ ಸಂಪ್ರದಾಯ ಇದು. ಕಾಕೂ ಮನೆಯಲ್ಲಿ ಮೊಮ್ಮಗನ ಬೋರ್‌ನಹಾಣ. ಕೂಸಿಗೆ ಕರೀ ಅಂಗಿ ತೊಡಿಸಿ, ಸಕ್ಕರೆಯ ಬಿಳೀ ಹಲ್ವಾಕಾಳು ಪೋಣಿಸಿದ ಕಿರೀಟ, ಹಾರ ಹಾಕಿ, ತಲೆಯ ಮೇಲೆ ಬಾರಿಹಣ್ಣು, ಚುರುಮುರಿ, ಕಬ್ಬಿನ ತುಂಡು ಸುರಿಯುತ್ತಾರೆ. ನಮ್ಮಾಕಿ ಕೊಡಿಸಿದ ಕರೀ ಕುರ್ತಾ ತೊಟ್ಟು ನಾನು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಅದು ಬಾರಿಹಣ್ಣು ಬಿಟ್ಟು ಎರಡೂ ಕೈಯಿಂದ ನನ್ನ ಗಡ್ಡ ಹಿಡಿದು ಜಗ್ಗಿತು.

ಕಾಕೂ ಕೂಸಿನ ಅಂಗಿ ನೋಡಿ, ಹಲ್ವಾ ಎಷ್ಟು ಉದುರುತ್ತಿದೆ, ಅಂಗಡಿಯವನಿಗೆ ಪಾಕವೇ ಬಂದಿಲ್ಲ ಅಂತ ಬೇಜಾರುಪಟ್ಟರು. ಅಲ್ಲಿಗೇ ಮುಗಿದಿದ್ದರೆ ಮಾನ ಉಳಿಯುತ್ತಿತ್ತು. ಪಕ್ಕದಲ್ಲಿದ್ದ ಅಜ್ಜಿಗೆ ಕಣ್ಣು ಮಂದ. ಹಬ್ಬದ ಪ್ರಸಾದ ನೆಲಕ್ಕೆ ಬೀಳಬಾರದು ಅನ್ನುವ ಶ್ರದ್ಧೆ ಮಾತ್ರ ಚುರುಕು. ಅವರು ಅಂಗಿಯ ಮೇಲಿನ ಒಂದು ಬಿಳಿ ಚೂರನ್ನು ಬೆರಳ ತುದಿಯಲ್ಲಿ ಒತ್ತಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಬಾಯಿಗೆ... "ಆಜೀ, ನಕೋ!" ಅಂತ ನಾನು ಕೂಗಿದ ರಭಸಕ್ಕೆ ಕೂಸು ಅತ್ತಿತು, ಕಬ್ಬಿನ ತುಂಡು ಉರುಳಿತು, ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತಾಡುವ ಹಬ್ಬದಲ್ಲಿ ಎಲ್ಲರೂ ಮಾತೇ ನಿಲ್ಲಿಸಿದರು.

"ಡಾಕ್ಟರೋ, ಹಜಾಮನೋ, ಒಂದು ಆರಿಸ್ಕೊಳ್ರಿ" ಅಂದಳು ನಮ್ಮಾಕಿ.

ಚರ್ಮದ ಡಾಕ್ಟರಮ್ಮ ಗಡ್ಡ ಬಿಡಿಸಿ ಬುಡ ನೋಡಿದರು. ಹುಬ್ಬು, ಮೂಗಿನ ಪಕ್ಕದ ಗೆರೆ ನೋಡಿದರು. ಒಣಚರ್ಮ ಒಂದು ಕಡೆ, ಅದರ ಜೊತೆಗೆ ಸೆಬೊರಿಕ್ ಡರ್ಮಟೈಟಿಸ್. ಬರೀ ಒಣಗಿದ್ದರೆ ಹೊಟ್ಟು ಸಣ್ಣಗೆ, ಬೆಳ್ಳಗೆ ಇರುತ್ತದೆ. ಇದರಲ್ಲಿ ಕೆಳಗೆ ಕೆಂಪು, ಮೇಲೆ ಜಿಡ್ಡುಜಿಡ್ಡಾದ ಹಳದಿ ಪದರ. ನನ್ನಲ್ಲಿ ಎರಡೂ ಇದ್ದವು. "ಎಣ್ಣೆ ಹಚ್ಚುತ್ತೀರಾ?" ಅಂತ ಕೇಳಿದರು. ನಾನು ನಮ್ಮಾಕಿಯ ಮುಖ ನೋಡಿದೆ. ಅವಳು ಫ್ಯಾನು ನೋಡಿದಳು.

ವಿಷಯ ಹೀಗಿದೆ. ಮಲಸೀಜಿಯಾ ಅನ್ನುವ ಬೂಷ್ಟಿನ ಜೀವಿ ಎಲ್ಲರ ಚರ್ಮದ ಮೇಲೂ ಇರುತ್ತದೆ. 1874ರಲ್ಲಿ ತಲೆಹೊಟ್ಟಿನಲ್ಲಿ ಅದನ್ನು ವಿವರಿಸಿದ ಫ್ರಾನ್ಸಿನ ಮಲಸೆ ಎಂಬ ವಿಜ್ಞಾನಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಅದರ ಆಹಾರ ಜಿಡ್ಡು. ಚರ್ಮದ ಜಿಡ್ಡನ್ನು ಅದು ಒಡೆದು ತಿಂದು ಬಿಟ್ಟ ಆಮ್ಲಗಳು ಕೆಲವರ ಚರ್ಮಕ್ಕೆ ಒಗ್ಗದೆ ಕೆರಳುತ್ತವೆ, ಪದರ ಏಳುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಬೇಕಾದರೆ ಮೇಲೆ ಆಲಿವ್ ಎಣ್ಣೆ ಹಾಕುತ್ತಾರಂತೆ. ನಾನು ಔಷಧ ಅಂದುಕೊಂಡು ಗಡ್ಡದೊಳಗೆ ನಿತ್ಯ ದಾಸೋಹ ನಡೆಸಿದ್ದೆ. ಇನ್ನು ಸೋಪು: ಚರ್ಮದ ಪಿಎಚ್ ಸುಮಾರು 5, ಸಾಮಾನ್ಯ ಸೋಪಿನದು 9ರಿಂದ 10. ಜೊತೆಗೆ ಕುದಿನೀರು. ಒಂದು ಕೈಯಲ್ಲಿ ಚರ್ಮವನ್ನು ಒಣಗಿಸಿ ಇನ್ನೊಂದು ಕೈಯಲ್ಲಿ ಬೂಷ್ಟಿಗೆ ಬಡಿಸುವ ಕೆಲಸ ನಾನು ತಪ್ಪದೆ ಮಾಡಿದ್ದೆ.

ಭಾವಮೈದ ಮೆಡಿಕಲ್ ಶಾಪಿನಿಂದ ಕೇಳಿ ತಂದುಕೊಟ್ಟಿದ್ದ ಟ್ಯೂಬನ್ನು ತೋರಿಸಿದಾಗ ಮಾತ್ರ ಡಾಕ್ಟರಮ್ಮನಿಗೆ ಸಿಟ್ಟು ಬಂತು. ಸ್ಟೆರಾಯ್ಡ್. ಎರಡು ದಿನಕ್ಕೆ ಗುಣ ಕಾಣುತ್ತದೆ, ಬಿಟ್ಟರೆ ಇಮ್ಮಡಿಯಾಗಿ ಮರಳುತ್ತದೆ, ಮನಸ್ಸಿಗೆ ಬಂದಂತೆ ಬಳಿದುಕೊಂಡರೆ ಚರ್ಮ ತೆಳುವಾಗುತ್ತದೆ. 2018ರಲ್ಲಿ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಕೊಡಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಭಾವಮೈದ ಅಂದಿನಿಂದ ನಮ್ಮ ಮನೆಯಲ್ಲಿ ಬರೀ ಚಹಾ ಕುಡಿದು ಹೋಗುತ್ತಾನೆ, ಸಲಹೆ ಕೊಡುವುದಿಲ್ಲ.

"ಗಡ್ಡ ತೆಗೀಬೇಕಲ್ರೀ?" ನಮ್ಮಾಕಿ ಆಸೆಯಿಂದ ಕೇಳಿದಳು. ತೆಗೆಯಲೇಬೇಕೆಂದಿಲ್ಲ, ತೆಗೆದರೆ ಔಷಧ ಹಚ್ಚುವುದು ಸುಲಭ ಅಂದರು ಡಾಕ್ಟರಮ್ಮ. ಗೆದ್ದೆವೆಂದು ಇಬ್ಬರೂ ಹೊರಗೆ ಬಂದೆವು.

ಔಷಧ ಕಂಡರೆ ಏನೂ ಅಲ್ಲ. 2% ಕೀಟೊಕೊನಜೋಲ್ ಶಾಂಪೂ, ವಾರಕ್ಕೆರಡು ಸಲ. ಕೂದಲಿಗಲ್ಲ, ಬುಡದ ಚರ್ಮಕ್ಕೆ ಬೆರಳ ತುದಿಯಿಂದ ತಿಕ್ಕಿ, ಐದು ನಿಮಿಷ ಬಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಉಜ್ಜದೆ ಒತ್ತಿ ಒರೆಸಿ, ಚರ್ಮ ಇನ್ನೂ ಹಸಿ ಇರುವಾಗಲೇ ವಾಸನೆ ಇಲ್ಲದ ಲೋಷನ್ನು ಬಟಾಣಿಯಷ್ಟು. ಉಳಿದ ದಿನ ಸೋಪಲ್ಲದ ಫೇಸ್‌ವಾಶ್. ಇದರಲ್ಲಿ ಕಠಿಣವಾದದ್ದು ಆ ಐದು ನಿಮಿಷ. ಒಂದೇ ಬಚ್ಚಲಿರುವ ಮನೆಯಲ್ಲಿ ಮುಖದ ತುಂಬ ನೊರೆ ಮಾಡಿಕೊಂಡು ಸುಮ್ಮನೆ ನಿಂತ ಗಂಡಸಿಗೆ ಎಷ್ಟು ಕೆಲಸ ಬರುತ್ತವೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಮೊದಲ ನಿಮಿಷಕ್ಕೆ ಮಗ ಕದ ಬಡಿಯುತ್ತಾನೆ, ಕಾಲೇಜಿಗೆ ತಡ. ಎರಡನೆಯದಕ್ಕೆ ಕೊರಿಯರ್ ಹುಡುಗ, "ರೀ, ಓಟಿಪಿ ಹೇಳ್ರಿ!" ನಾನು ಬಾಯಿ ತೆರೆಯುತ್ತೇನೆ, ಅಂಕಿ ಹೊರಗೆ, ನೊರೆ ಒಳಗೆ. ನಾಲ್ಕರ ಬದಲು ಎಂಟು ಕೇಳಿಸಿ ಪಾರ್ಸಲ್ಲು ತಿರುಗಿ ಹೋಗುತ್ತದೆ. ಆಮೇಲೆ ಗ್ಯಾಸ್ ಮೇಲಿನ ಹಾಲು. ಅದು ನನ್ನ ಐದು ನಿಮಿಷಕ್ಕೆಂದೇ ಕಾದಿರುತ್ತದೆ. ಕ್ಷೌರಕ್ಕೆ ನನಗೆ ಇದರ ಅರ್ಧ ಹೊತ್ತೂ ಹಿಡಿಯುತ್ತಿರಲಿಲ್ಲ ಅನ್ನುವ ಲೆಕ್ಕವನ್ನು ನಮ್ಮಾಕಿ ಕದದಾಚೆಯಿಂದಲೇ ಓದಿ ಹೇಳುತ್ತಾಳೆ.

ಗುಣವಂತೂ ಕಂಡಿತು. ಸಿಮ್ಲಾ ಆಫೀಸಿನ ವರದಿ ದಿನಕ್ಕೊಮ್ಮೆ ಇದ್ದದ್ದು ಅಪರೂಪವಾಯಿತು. ಈಗ ಮಗನಿಗೂ ನಾಲ್ಕು ಕೂದಲು ಮೂಡಿವೆ. ನನ್ನ ಶಾಂಪೂ ಬಾಟಲಿ ಇದ್ದಕ್ಕಿದ್ದಂತೆ ಹಗುರಾಗುತ್ತಿದೆ.

ಅವ್ವನಿಗೆ ಮಾತ್ರ ಯಾರೂ ಏನೂ ಹೇಳಿಲ್ಲ. ಮೊನ್ನೆ ವಿಡಿಯೋ ಕಾಲ್‌ನಲ್ಲಿ, "ಎಣ್ಣಿ ಹಚ್ಚಾಕತ್ತೀಯಿಲ್ಲೋ?" ಅಂದಳು. "ಹಚ್ಚೀನವ್ವಾ" ಅಂದೆ. ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಎಡಗಲ್ಲ, ಬಲಗಲ್ಲ ತಿರುಗಿಸಿ ನೋಡಿದಳು. "ನೋಡು, ಎಷ್ಟ್ ಸ್ವಚ್ಛ ಆಗೈತಿ! ಔಡಲೆಣ್ಣಿ ಅಂದ್ರ ಸುಮ್ನ ಅಲ್ಲ. ಬಾಜೂ ಮನಿ ಹುಡುಗ ನಾಳೆ ರಾತ್ರಿ ಬಸ್ಸಿಗೆ ಪುಣೆಕ್ಕ ಹೊಂಟಾನ, ಇನ್ನೊಂದ್ ಲೀಟರ್ ಕೊಟ್ಟು ಕಳಸ್ತೀನಿ. ನಸಕಲೇ ಸ್ವಾರಗೇಟಿಗೆ ಹೋಗಿ ಇಸ್ಕೋ."

ನನ್ನ ಹೆಗಲ ಮೇಲಿಂದ ನಮ್ಮಾಕಿ ಮುಖ ತೂರಿಸಿದಳು. "ಎರಡ್ ಲೀಟರ್ ಕಳಸ್ರಿ ಅತ್ತಿ. ಒಂದು ಇವರಿಗೆ ಸಾಲೂದಿಲ್ಲ."