ರಮೇಶರೆಲ್ಲ ರಾಮಪ್ರಿಯರು

ನಮ್ಮತ್ತಿಗೆ ಐವತ್ತು ದಾಟಿದ ಮೇಲೆ ಆನ್‌ಲೈನಿನಲ್ಲಿ ಸಂಗೀತ ಶುರುಮಾಡಿದ್ದಾರೆ. ಗುರುಗಳು ಮೈಸೂರಿನಲ್ಲಿ, ಅತ್ತಿಗೆ ದಾವಣಗೆರೆಯಲ್ಲಿ. ಗುರುಗಳ ‘ಸ’ ಇಲ್ಲಿಗೆ ಬರುವಷ್ಟರಲ್ಲಿ ಅವರು ಅಲ್ಲಿ ‘ರಿ’ ಹಿಡಿದಿರುತ್ತಾರೆ. ಜೊತೆಯಲ್ಲಿ ಹಾಡುವ ಮಾತೇ ಇಲ್ಲ. ತಾಳವನ್ನೂ ಇಬ್ಬರೂ ತಂತಮ್ಮ ತೊಡೆಗೆ ಸ್ವತಂತ್ರವಾಗಿ ಬಡಿದುಕೊಳ್ಳಬೇಕು.

ಇನ್ನು ತಂಬೂರಿ. ಒಂದೇ ಸಮ ಮೊಳಗುವ ಶ್ರುತಿಯನ್ನು ಫ್ಯಾನಿನ ಸದ್ದೆಂದು ತಿಳಿದು, ಗದ್ದಲ ತೆಗೆಯುವ ಸಾಫ್ಟ್‌ವೇರು ನುಂಗಿಬಿಡುತ್ತದೆ. ಕುಕ್ಕರಿನ ವಿಸಿಲ್ಲು ಮಾತ್ರ ಅಚ್ಚುಕಟ್ಟಾಗಿ ಮೈಸೂರು ಮುಟ್ಟುತ್ತದೆ. “ಅಮ್ಮಾ, ಆ ತಾರಷಡ್ಜ ನಿಮ್ಮದೇ? ಚೆನ್ನಾಗಿ ನಿಂತಿದೆ” ಎಂದರಂತೆ ಗುರುಗಳು.

ಶಾಸ್ತ್ರಭಾಗವೇನೋ ಫೋನಿಗೆ ಹೇಳಿಮಾಡಿಸಿದ್ದು. ಅದರಲ್ಲೂ ಹೆಸರಿನ ಮೊದಲೆರಡು ಅಕ್ಷರಗಳಿಂದ ರಾಗದ ಸಂಖ್ಯೆ ಹೇಳುವ ಕಟಪಯಾದಿ ಸೂತ್ರ ಅತ್ತಿಗೆಯ ತಲೆಗೇರಿದೆ. ಸರಳೆ ವರಸೆ ಹಾಡುವ ಮಾಯಾಮಾಳವಗೌಳ ರಾಗದ ‘ಮಾ’ 5, ‘ಯಾ’ 1. ತಿರುಗಿಸಿ ಓದಿದರೆ 15. ಅಂದರೆ 72 ಮೇಳಕರ್ತ ರಾಗಗಳಲ್ಲಿ ಹದಿನೈದನೆಯದು. ಈಗ ಮದುವೆಮನೆಗೆ ಹೋದರೂ ನೆಂಟರ ಹೆಸರಿಗೆಲ್ಲ ಮೇಳರಾಗ ಕಟ್ಟುತ್ತಾರೆ. ಲೋಕದ ರಮೇಶರೆಲ್ಲ 52, ರಾಮಪ್ರಿಯರು. ಸುರೇಶರು 27. ನಮ್ಮ ಬೀದಿಯ ದಪ್ಪ ಮೀಸೆಯ ಸುರೇಶರಿಗೆ ತಾವು ಸರಸಾಂಗಿ ಎಂಬ ಸುದ್ದಿ ಇನ್ನೂ ಮುಟ್ಟಿಲ್ಲ.

ಕಿವಿ ಪಳಗಿಸಲು ಒಂದು ಆ್ಯಪೂ ಇದೆ. ಸ್ವರ ಸರಿಯಿದ್ದರೆ ಮುಳ್ಳು ಹಸಿರಿನಲ್ಲಿ ನಿಲ್ಲುತ್ತದೆ, ತಪ್ಪಿದರೆ ಕೆಂಪು. ಮೊನ್ನೆ ಅತ್ತಿಗೆ ಅದನ್ನು ಗುರುಗಳ ತೋಡಿ ರಾಗಕ್ಕೇ ಹಿಡಿದರು. ತೋಡಿಯ ಗಾಂಧಾರ ತೂಗಾಡಬೇಕು, ನಿಂತರೆ ಅದು ತೋಡಿಯೇ ಅಲ್ಲ. ಮುಳ್ಳಿಗೇನು ಗೊತ್ತು ಗಮಕ? ಎಡಕ್ಕೂ ಬಲಕ್ಕೂ ಹೊಯ್ದಾಡಿ, ಗುರುಗಳಿಗೆ ನೂರಕ್ಕೆ ಮೂವತ್ತು ಅಂಕ ಕೊಟ್ಟು, ಆರಂಭಿಕರ ಪಾಠಕ್ಕೆ ಸೇರಿಕೊಳ್ಳಿ ಎಂದು ಸಲಹೆ ಮಾಡಿತು.